ದುರ್ಯೋಧನ ಎಂದರೆ ‘ಕೆಟ್ಟ ಯೋಧ’ ಅಲ್ಲ: ಪಾತ್ರಗಳಿಗೆ ಹೆಸರಿಡುವವರಿಗೆ ಒಂದು ಸ್ಪಷ್ಟನೆ

‘ದು’ಕಾರದ ಹೆಸರುಗಳೆಲ್ಲ ಕೆಟ್ಟ ಅರ್ಥದವು, ಕಥೆಯ ಖಳನಿಗೆ ಅಂಥದ್ದನ್ನೇ ಇಡಬೇಕು ಎಂಬ ಸಲಹೆ ಹರಿದಾಡುತ್ತಿದೆ. ಇದು ತಪ್ಪು.

ಸಂಸ್ಕೃತದ ‘ದುಸ್’ ಉಪಸರ್ಗಕ್ಕೆ ಎರಡು ಅರ್ಥಗಳಿವೆ: ಕೆಟ್ಟದ್ದು, ಕಷ್ಟಸಾಧ್ಯವಾದದ್ದು. ದುರ್ಜನದಲ್ಲಿ ಮೊದಲನೆಯದು. ದುರ್ಯೋಧನದಲ್ಲಿ ಎರಡನೆಯದು, ಅಂದರೆ ಯಾರ ಜೊತೆ ಹೋರಾಡುವುದು ಕಷ್ಟವೋ ಅವನು. ದುಶ್ಶಾಸನ, ಅಂಕೆಗೆ ಸಿಗದವನು. ದುರ್ಗೆ ಎಂಬ ಹೆಸರಿನಲ್ಲೂ ಇದೇ ಉಪಸರ್ಗವಿದೆ. ಅವಳನ್ನು ಯಾರೂ ಕೆಟ್ಟವಳೆನ್ನುವುದಿಲ್ಲವಲ್ಲ! ಸುಯೋಧನ ಎಂಬ ರೂಪವೂ ಮಹಾಭಾರತದಲ್ಲಿದೆ, ನಿಜ. ಅಷ್ಟರಿಂದ ದುರ್ಯೋಧನ ಬೈಗುಳವಾಗುವುದಿಲ್ಲ.

ಇನ್ನೊಂದು ಎಡವಟ್ಟು ಇದಕ್ಕಿಂತ ಸಾಮಾನ್ಯ. ದ್ರೌಪದಿ ಎಂದರೆ ‘ಬೆಂಕಿಯಂಥವಳು’ ಎಂದು ಬರೆಯುತ್ತಾರೆ. ಅದರ ಅರ್ಥ ದ್ರುಪದನ ಮಗಳು, ಅಷ್ಟೇ. ಯಜ್ಞದ ನೆನಪು ಬೇಕಿದ್ದರೆ ಯಾಜ್ಞಸೇನಿ ಇದೆ ಎನ್ನಬಹುದು, ಆದರೆ ಅದೂ ದ್ರುಪದನ ಇನ್ನೊಂದು ಹೆಸರಾದ ಯಜ್ಞಸೇನದಿಂದಲೇ ಬಂದದ್ದು. ಅವಳ ಸ್ವಂತ ಹೆಸರು ಕೃಷ್ಣೆ, ಕಪ್ಪು ಬಣ್ಣದವಳು. ಜಾನಕಿ, ರಾಧೇಯ, ಕೌಂತೇಯ ತಂದೆತಾಯಿಯಿಂದ ಬಂದವು. ಗಾಂಧಾರಿ, ಕೈಕೇಯಿ ನಾಡಿನಿಂದ.

ಹಾಗಾಗಿ ಹೆಸರು ಆರಿಸುವಾಗ ಮೊದಲು ಪದ ಬಿಡಿಸಿ. ಉಪಸರ್ಗ, ಮೂಲಪದ, ಪ್ರತ್ಯಯ ಬೇರೆ ಮಾಡಿ ನಿಘಂಟು ನೋಡಿ. ಆಮೇಲೆ ಕೇಳಿಕೊಳ್ಳಿ: ಕಥೆಯೊಳಗೆ ಈ ಹೆಸರಿಟ್ಟವರು ಯಾರು? ಹೆತ್ತವರು ಮಗುವಿನ ಮುಂದಿನ ದುಷ್ಟತನ ಊಹಿಸಿ ಹೆಸರಿಡುವುದಿಲ್ಲ. ಕರ್ಣನಿಗೆ ಸಾಕಿದವರು ಇಟ್ಟ ಹೆಸರು ವಸುಷೇಣ. ವೈಕರ್ತನ ಎಂಬುದು ಕವಚ ಕತ್ತರಿಸಿಕೊಟ್ಟ ಮೇಲೆ ಬಂದದ್ದು. ನಿಮ್ಮ ಪಾತ್ರಕ್ಕೂ ಹೀಗೆ ಎರಡು ಹೆಸರು ಕೊಡಬಹುದು, ಹುಟ್ಟಿನದೊಂದು, ಗಳಿಸಿದ್ದೊಂದು.