ತಲೆಗೆ ಎರಡು ಸಾವಿರ

ಅಕ್ಕನ ಮಗಳ ಕಾಲೇಜಿನಲ್ಲಿ ಎಥ್ನಿಕ್ ಡೇ. ದೊಡ್ಡಮ್ಮನನ್ನು ಉಡುಪಿಯಿಂದ ಬಸ್ಸಿನಲ್ಲಿ ಕರಕೊಂಡು ಮಂಗಳೂರಿಗೆ ಹೋಗಿದ್ದೆ. ಯಕ್ಷಗಾನ, ಪಿಲಿವೇಷ ಎಲ್ಲ ಮುಗಿದ ಮೇಲೆ 'ಆಫ್ರಿಕಾ ತಂಡ' ಬಂತು. ಹನ್ನೆರಡು ಹುಡುಗರು, ಮುಖಕ್ಕೆ ಮಸಿ ಬಳಿದುಕೊಂಡಿದ್ದರು. ನುಡಿಗಟ್ಟಲ್ಲ, ನಿಜವಾದ ಮಸಿ. ನೆತ್ತಿಗೆ ಅಂಟಿದಂತೆ ಸಾಲು ಸಾಲು ಜಡೆ. ಬೆಳಗ್ಗೆ ಐದಕ್ಕೇ ಪಾರ್ಲರಿನಲ್ಲಿ ಕೂತಿದ್ದರಂತೆ, ತಲೆಗೆ ಎರಡು ಸಾವಿರ ರೂಪಾಯಿ. ಬಾಯಲ್ಲಿ 'ಹುಲಾ ಹುಲಾ'. ಅದು ಯಾವ ಭಾಷೆ ಅಂತ ಮಾತ್ರ ಕೇಳಬೇಡಿ. ಆಫ್ರಿಕಾದಲ್ಲಿ 54 ದೇಶಗಳಿವೆ, ಯಾವುದಕ್ಕಾದರೂ ಹೊಂದಿಕೊಂಡೀತು. 'ಬೇರೆಯವರ ಸಂಸ್ಕೃತಿಗೆ ಗೌರವ ತೋರಿದ್ದಕ್ಕೆ' ಮೊದಲ ಬಹುಮಾನವೂ ಬಂತು. ದೊಡ್ಡಮ್ಮನೂ ಚಪ್ಪಾಳೆ ತಟ್ಟಿದರು.

ಇದೇ ದೊಡ್ಡಮ್ಮ ಹೋದ ತಿಂಗಳು ಫೋನಲ್ಲಿ ಒಂದು ಫೋಟೊ ನೋಡಿ ರಾತ್ರಿ ಊಟ ಬಿಟ್ಟಿದ್ದರು. ಯಾರೋ ಫಾರಿನ್ ಹೆಂಗಸು ಮೊಗ್ಗಿನ ಜಡೆಯನ್ನು ಹಾರದ ಹಾಗೆ ಕುತ್ತಿಗೆಗೆ ಹಾಕಿಕೊಂಡಿದ್ದಳು. "ಶಂಕರಪುರ ಮಲ್ಲಿಗೆ ಅಂದ್ರೆ ಏನೂಂತ ಗೊತ್ತುಂಟಾ ಅವಳಿಗೆ? ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಲೆಕ್ಕ ಗೊತ್ತಿಲ್ಲದವರು ಮುಟ್ಟಬಾರದು!"

ನನ್ನ ಪಕ್ಕದ ಕುರ್ಚಿಯಲ್ಲಿ ಯಲ್ಲಾಪುರ ಕಡೆಯ ಸಿದ್ದಿ ಹುಡುಗನೊಬ್ಬ ಕೂತಿದ್ದ. ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದವರ ವಂಶ. ಬಿಳಿ ಪಂಚೆ, ಶಲ್ಯ. "ನೀನೂ ಸೇರಬಹುದಿತ್ತು ಅಲ್ವಾ?" ಅಂದುಬಿಟ್ಟೆ. ನನ್ನ ನಾಲಿಗೆಯೂ ಸ್ವಲ್ಪ ಉದ್ದವೇ.

"ಕರೆದಿದ್ರು ಅಣ್ಣ. ನೀ ಬಂದ್ರೆ ಮಸಿ ಖರ್ಚು ಉಳೀತದೆ ಅಂದ್ರು."

ಜೇಬಿನಿಂದ ಒಂದು ಕಾಗದ ತೆಗೆದ. ಕಾಲೇಜಿನದೇ ನೋಟಿಸು. ಇಂಥ ಸುರುಳಿ ಕೂದಲು ಶಿಸ್ತಿಗೆ ಒಪ್ಪುವುದಿಲ್ಲ, ನೀಟಾಗಿ ಬಾಚಿಕೊಂಡು ಬರತಕ್ಕದ್ದು. ಹುಟ್ಟಿನಿಂದ ಬಂದ ಕೂದಲು, ಪಾರ್ಲರಿನ ಬಿಲ್ಲಿಲ್ಲ. ಅದಕ್ಕೇ ಇರಬೇಕು. ಅಂಥ ಕೂದಲು ಬೇಗ ಸಿಕ್ಕಾಗುತ್ತದೆ, ಎಳೆದು ಬಾಚಿದರೆ ತುಂಡಾಗುತ್ತದೆ. ಆಫ್ರಿಕಾದ ಅಮ್ಮಂದಿರು ಗಂಟೆಗಟ್ಟಲೆ ಕೂತು ಸಾಲು ಜಡೆ ಹೆಣೆಯುವುದು ಅದಕ್ಕೂ ಹೌದು. ಹಾಗೆ ಹೆಣೆದುಕೊಂಡವರನ್ನು ಶಾಲೆಯಿಂದ, ಕೆಲಸದಿಂದ ದೂರ ಇಡಬಾರದು ಅಂತ ಕ್ಯಾಲಿಫೋರ್ನಿಯಾ 2019ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಕ್ರೌನ್ ಕಾಯ್ದೆ ಅಂತ ಹೆಸರು, ಅಂದರೆ ಕಿರೀಟ. ನಮ್ಮಲ್ಲಿ ಕಿರೀಟ ದಿನಬಾಡಿಗೆಗೆ ಸಿಗುತ್ತದೆ, ಯಕ್ಷಗಾನದ ವೇಷದ ಅಂಗಡಿಯಲ್ಲಿ.

"ಉತ್ತರ ಕೊಟ್ಟಿಯಾ?" ಕೇಳಿದೆ.

ಕಾಗದ ತಿರುಗಿಸಿ ತೋರಿಸಿದ. ಮಾನ್ಯರೇ, ತಮ್ಮ ಆಜ್ಞೆಯಂತೆ ಬಾಚಿದ್ದೇನೆ. ಲಗತ್ತು: ಮುರಿದ ಬಾಚಣಿಗೆ, ಮೂರು.