ಕಪ್ಪೆ ಮಳೆ, ಹನ್ನೊಂದನೇ ದಿನದ ಬಾಡೂಟ

ಎದುರು ಮನೆಯ ಅಜ್ಜ ತೀರಿಕೊಂಡ ವಿಷಯ ನನಗೆ ತಿಳಿದದ್ದು ಒಂದು ಬೋರ್ಡಿನಿಂದ. ಶನಿವಾರ ಬೆಳಿಗ್ಗೆ ಅವರ ಮನೆ ಮುಂದಿನ ಹುಲ್ಲಿನಲ್ಲಿ 'ಎಸ್ಟೇಟ್ ಸೇಲ್' ಅಂತ ನೆಟ್ಟಿದ್ದರು. ಸತ್ತವರ ಮನೆ ಸಾಮಾನಿನ ಮಾರಾಟ. ಒಳಗೆ ಹೋದೆ. ಅವರ ಕುರ್ಚಿ, ಚಮಚ, ಕನ್ನಡಕದ ಡಬ್ಬಿ, ಎಲ್ಲಕ್ಕೂ ಬೆಲೆ ಚೀಟಿ. ಆರು ವರ್ಷ ಕೈ ಬೀಸಿ ಹಲೋ ಅಂದಿದ್ದೇನೆ. ಹೆಸರು ಗೊತ್ತಿರಲಿಲ್ಲ.

ನಾನಿರುವುದು ಲಾಸ್ ಏಂಜಲೀಸ್‌ನ ಸ್ಯಾನ್ ಫರ್ನಾಂಡೊ ವ್ಯಾಲಿಯಲ್ಲಿ. ಆವತ್ತು ರಾತ್ರಿ 'ಮ್ಯಾಗ್ನೋಲಿಯ' ಮತ್ತೆ ನೋಡಿದೆ. ಪಾಲ್ ಥಾಮಸ್ ಆಂಡರ್ಸನ್ ನಿರ್ದೇಶನದ 1999ರ ಚಿತ್ರ, ಮೂರು ಗಂಟೆಗೂ ಜಾಸ್ತಿ. ಅವರು ಈ ವ್ಯಾಲಿಯಲ್ಲೇ ಬೆಳೆದವರು. ಆ ಹೆಸರಿನ ರಸ್ತೆಯೂ ಇಲ್ಲೇ ಇದೆ.

ಕತೆಯೆಲ್ಲ ಹೆಚ್ಚುಕಮ್ಮಿ ಒಂದೇ ದಿನದ್ದು. ಕ್ಯಾನ್ಸರಿನಿಂದ ಸಾಯುತ್ತಿರುವ ಟಿವಿ ಸಾಹುಕಾರ, ಅವನ ಎರಡನೇ ಹೆಂಡತಿ, ಎಂದೋ ದೂರವಾದ ಮಗ. ಆ ಸಾಹುಕಾರನ ಕ್ವಿಜ್ ಷೋ ನಡೆಸುವವನು, ಅವನ ಮುಖ ನೋಡಲೂ ಇಷ್ಟವಿಲ್ಲದ ಮಗಳು, ಆ ಮಗಳಿಗೆ ಮನಸೋಲುವ ಪೊಲೀಸು. ಷೋನಲ್ಲಿ ಈಗ ಗೆಲ್ಲುತ್ತಿರುವ ಹುಡುಗ, ಹಿಂದೆ ಗೆದ್ದು ಈಗ ಸೋತು ಸುಣ್ಣವಾದವನು. ಎಲ್ಲರೂ ಎಲ್ಲೋ ಒಂದು ಕಡೆ ಒಬ್ಬರಿಗೊಬ್ಬರು ತಗುಲಿಕೊಂಡಿದ್ದಾರೆ. ಅದು ನಮಗೆ ಕಾಣುತ್ತದೆ, ಅವರಿಗೆ ಕಾಣುವುದಿಲ್ಲ. ಒಂದು ಕಡೆ ಎಲ್ಲರೂ ಅವರವರ ಕೋಣೆ, ಅವರವರ ಕಾರಿನಲ್ಲಿ ಕೂತು ಒಂದೇ ಹಾಡು ಹಾಡುತ್ತಾರೆ. ಕೊನೆಗೆ ಆಕಾಶದಿಂದ ಕಪ್ಪೆ ಸುರಿಯುತ್ತವೆ. (ಮಳೆ ಬರಲಿ ಅಂತ ಕಪ್ಪೆಗೆ ಮದುವೆ ಮಾಡುವ ನಾಡಿನವನಿಗೆ ಇದು ಯಾಕೋ ವಿಚಿತ್ರ ಅನಿಸಲಿಲ್ಲ.) ಇವರನ್ನೆಲ್ಲ ಒಂದೇ ಹೊತ್ತಿಗೆ ತಲೆಯೆತ್ತಿ ನೋಡುವ ಹಾಗೆ ಮಾಡಲು ಅಷ್ಟು ಬೇಕಾಯಿತು.

ಸಾಹುಕಾರನ ಪಾತ್ರ ಜೇಸನ್ ರೋಬಾರ್ಡ್ಸ್ ಅವರದು. ಅದೇ ಅವರ ಕೊನೆಯ ಸಿನಿಮಾ, ಮುಂದಿನ ವರ್ಷವೇ ತೀರಿಕೊಂಡರು. ಮಗನಾಗಿ ಟಾಮ್ ಕ್ರೂಸ್. ಹಾಸಿಗೆ ಪಕ್ಕ ಬಂದು ಮೊದಲು ಅಪ್ಪನನ್ನು ಬಾಯಿಗೆ ಬಂದಂತೆ ಬೈಯುತ್ತಾನೆ, ಆಮೇಲೆ ಹೋಗಬೇಡ ಅಂತ ಅಳುತ್ತಾನೆ. ಆಸ್ಕರ್‌ಗೆ ಹೆಸರು ಹೋಯಿತು, ಪ್ರಶಸ್ತಿ ಬರಲಿಲ್ಲ. ನನಗೆ ಮಾತ್ರ ಅವನಿಗಿಂತ ಇಷ್ಟವಾಗುವುದು ನರ್ಸ್ ಆಗಿರುವ ಫಿಲಿಪ್ ಸೀಮೋರ್ ಹಾಫ್‌ಮನ್. ಮುದುಕನ ಮಗನನ್ನು ಹುಡುಕಲು ಫೋನ್ ಹಿಡಿದು ಯಾರ್ಯಾರನ್ನೋ ಬೇಡಿಕೊಳ್ಳುತ್ತಾನೆ. ಸಂಬಳಕ್ಕೆ ಬಂದವನು ಅವನು. ಆದರೂ ಆ ಮನೆಯಲ್ಲಿ ನಿಜವಾಗಿ ಅಳುವುದಕ್ಕೆ ಅರ್ಹತೆ ಇರುವುದು ಅವನೊಬ್ಬನಿಗೇ ಅನಿಸುತ್ತದೆ.

ಮುದುಕನೊಬ್ಬನ ಸಾವಿನ ಸುತ್ತ ಹತ್ತಾರು ಬದುಕು ಅಂದ ತಕ್ಷಣ ನಮಗೆ ನೆನಪಾಗುವುದು 'ತಿಥಿ', ಅಲ್ವಾ? ರಾಮ್ ರೆಡ್ಡಿ ನಿರ್ದೇಶನ, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದ ಚಿತ್ರ. ನಮ್ಮ ಮಂಡ್ಯ ಕಡೆಯದು. 101 ವರ್ಷದ ಸೆಂಚುರಿ ಗೌಡ ಸಾಯುತ್ತಾನೆ, ಹನ್ನೊಂದನೇ ದಿನದ ತಿಥಿಯೊಳಗೆ ಮಗ ಗಡ್ಡಪ್ಪ, ಮೊಮ್ಮಗ, ಮರಿಮಗ ಮೂವರ ಗೋಳೂ ಹೊರಗೆ ಬರುತ್ತದೆ. ನಟಿಸಿದವರು ಊರಿನವರೇ. ಕ್ಯಾಮೆರಾ ಇದೆ ಅನ್ನುವ ಗೊಡವೆಯೇ ಇಲ್ಲದ ಹಾಗೆ ಬೀಡಿ ಸೇದುತ್ತಾರೆ, ಬೈಯುತ್ತಾರೆ. ಇಲ್ಲಿ ಬದುಕುಗಳನ್ನು ಹೆಣೆಯಲು ಕಪ್ಪೆ ಬೇಕಿಲ್ಲ. ಜಮೀನಿನ ಪಹಣಿ ಒಂದು ಸಾಕು. ಬಸ್ ಸ್ಟಾಪಿನಲ್ಲಿ ಒಬ್ಬ ಕೆಮ್ಮಿದರೆ ಊರಿಗೇ ಗೊತ್ತು.

ಇಷ್ಟು ಹೇಳಿ, ನಮ್ಮೂರೇ ವಾಸಿ, ಇಲ್ಲಿಯವರು ಪಾಪ ಒಂಟಿಗಳು ಅಂತ ಮುಗಿಸಬಹುದಿತ್ತು. ಇಲ್ಲಿನ ಕನ್ನಡದ ಗೆಳೆಯರು ಸೇರಿದಾಗೆಲ್ಲ ಹಾಗೇ ಮುಗಿಸುತ್ತೇವೆ. ಆದರೆ ಗಡ್ಡಪ್ಪನನ್ನು ನೋಡಿ. ಅಪ್ಪ ಸತ್ತರೂ ಅವನಿಗೆ ಏನೂ ಅನಿಸುವುದಿಲ್ಲ. ಊರ ತುಂಬ ಬಂಧುಬಳಗ ಇದ್ದರೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಹಳೇ ಸಂಕಟವನ್ನು ಅವನು ಬಾಯಿಬಿಟ್ಟು ಹೇಳುವುದು ಯಾರ ಮುಂದೆ? ಕುರಿ ಮೇಯಿಸುತ್ತಾ ಊರೂರು ಅಲೆಯುವ ಜನರ ಮುಂದೆ. ಅತ್ತ ಸಾಹುಕಾರನೂ ಮೊದಲ ಹೆಂಡತಿಗೆ ಮಾಡಿದ ಮೋಸವನ್ನು ಹೇಳಿಕೊಳ್ಳುವುದು ಸಂಬಳದ ನರ್ಸ್ ಮುಂದೆ. ನಾನು ಎರಡು ಚಿತ್ರವನ್ನೂ ಬೇರೆ ಬೇರೆ ಕಾಲದಲ್ಲಿ ನೋಡಿದ್ದರಿಂದ ಇದು ಕಣ್ಣಿಗೆ ಬಿದ್ದಿರಲಿಲ್ಲ. ಸಾಮಾನು ಮಾರಾಟದ ಆ ರಾತ್ರಿ ಬಿತ್ತು.

ನಮ್ಮ ಅಪ್ಪ ಹೋದಾಗ ನಾನು ಊರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ವಿಮಾನದಲ್ಲಿ ಪಕ್ಕದ ಸೀಟಿನಲ್ಲಿದ್ದ ಹೆಂಗಸಿಗೆ ಅಪ್ಪನ ಜೊತೆ ಮೂರು ವರ್ಷ ಮಾತು ಬಿಟ್ಟಿದ್ದನ್ನೂ ಹೇಳಿಬಿಟ್ಟೆ. ಯಾವ ದೇಶದವರೋ, ಕೊನೆಗೂ ಕೇಳಲಿಲ್ಲ. ಊರಿನಲ್ಲಿ ಯಾರಿಗೂ ಹೇಳಲಿಲ್ಲ. ಹೇಳಲು ಪುರಸೊತ್ತಾದರೂ ಎಲ್ಲಿತ್ತು? ಎಷ್ಟು ಕುರಿ ತರಬೇಕು, ಷಾಮಿಯಾನ ಯಾರದು, ಮೇಲಿನ ಬೀದಿಯವರಿಗೆ ಹೇಳಿದ್ದಾಯಿತಾ, ಬರೀ ಇದೇ. ಹನ್ನೊಂದನೇ ದಿನ ಐನೂರು ಎಲೆ ಹಾಕಿದೆವು. ಕೊನೇ ಪಂಕ್ತಿಗೆ ಮುದ್ದೆ ಸಾಲಲಿಲ್ಲ. ಚಿಕ್ಕಪ್ಪ ನನ್ನ ಹತ್ತಿರ ಬಂದು ಕೂತರು. ಏನೋ ಕೇಳುತ್ತಾರೆ ಅಂದುಕೊಂಡೆ. "ಇನ್ನೊಂದು ಹತ್ತು ಕೆಜಿ ರಾಗಿ ಹಿಟ್ಟು ತರಿಸಬೇಕಾಗಿತ್ತು ಕಣಪ್ಪ" ಅಂದರು.