ಮೆಕ್ಕೆಜೋಳದ ಪರಿಹಾರ: ಅಯೋವಾದಲ್ಲೊಂದು ಲೆಕ್ಕ, ದಾವಣಗೆರೆಯಲ್ಲೊಂದು ಲೆಕ್ಕ

2020ರಲ್ಲಿ ಕೊರೊನಾ ಬಂದಾಗ ನಾನಿರುವ ಅಮೆರಿಕದ ಅಯೋವಾ ರಾಜ್ಯದ ಬೂನ್ ಕೌಂಟಿಗೂ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ನಮ್ಮ ದಾವಣಗೆರೆ ಸೀಮೆಗೂ ಒಂದೇ ಬೆಳೆಯಲ್ಲಿ ಪೆಟ್ಟು ಬಿತ್ತು. ಊರ ಕಡೆ ಕೋಳಿ ತಿಂದರೆ ಕಾಯಿಲೆ ಬರುತ್ತೆ ಅನ್ನೋ ಸುಳ್ಳು ಸುದ್ದಿ ಹಬ್ಬಿ ಕೋಳಿ ಫಾರಂಗಳು ಮಲಗಿದವು. ಅವಕ್ಕೆ ಮೇವಾಗುತ್ತಿದ್ದ ಮೆಕ್ಕೆಜೋಳ ಕೇಳುವವರೇ ಇಲ್ಲ. ಇಲ್ಲಿ ಜನ ಕಾರು ಹೊರಗೆ ತೆಗೆಯಲಿಲ್ಲ. ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಆಗುವುದು ಈ ಜೋಳದಿಂದಲೇ, ಹಾಗಾಗಿ ಬೆಲೆ ಬಿತ್ತು.

ಎರಡೂ ಕಡೆ ಸರ್ಕಾರ ದುಡ್ಡು ಕೊಟ್ಟಿತು. ಮೇ ತಿಂಗಳಲ್ಲಿ ಯಡಿಯೂರಪ್ಪನವರ ಸರ್ಕಾರ ಮೆಕ್ಕೆಜೋಳ ಬೆಳೆದ 10 ಲಕ್ಷ ರೈತರಿಗೆ ತಲಾ 5,000 ರೂಪಾಯಿ ಎಂದಿತು. ಒಂದೆಕರೆಗೂ ಅಷ್ಟೇ, ಹತ್ತೆಕರೆಗೂ ಅಷ್ಟೇ. ಅಮೆರಿಕದಲ್ಲಿ ಅದೇ ತಿಂಗಳು ಅರ್ಜಿ ಶುರುವಾಯಿತು, ಲೆಕ್ಕ ಮಾತ್ರ ಬುಶೆಲ್ ಮೇಲೆ. ಬುಶೆಲ್ ಅಂದರೆ ಸುಮಾರು 25 ಕೆಜಿ. ಹಿಂದಿನ ವರ್ಷದ ಫಸಲಿನ ಅರ್ಧ, ಇಲ್ಲವೇ ಜನವರಿ 15ಕ್ಕೆ ಮಾರದೆ ಉಳಿದಿದ್ದ ಜೋಳ, ಎರಡರಲ್ಲಿ ಯಾವುದು ಕಮ್ಮಿಯೋ ಅದಕ್ಕೆ ಬುಶೆಲ್‌ಗೆ 33 ಸೆಂಟ್ ಚಿಲ್ಲರೆ. ಒಬ್ಬರಿಗೆ ಗರಿಷ್ಠ 2,50,000 ಡಾಲರ್. ದೊಡ್ಡವನಿಗೆ ದೊಡ್ಡ ಚೆಕ್, ಗೊತ್ತಾಯ್ತಲ್ವಾ? ಈ ವಿಷಯದಲ್ಲಿ ನನ್ನ ಓಟು ನಮ್ಮ 5,000ಕ್ಕೇ.

ಆದರೆ ದುಡ್ಡು ಯಾರ ಕೈಗೆ ಹೋಯಿತು ಅಂತ ನೋಡಿದರೆ ಮಾತು ಬೇರೆ.

ಕೌಂಟಿಯ ಕೃಷಿ ಕಚೇರಿಗೆ ಆಗ ಒಳಗೆ ಬಿಡುತ್ತಿರಲಿಲ್ಲ, ಎಲ್ಲ ಫೋನಿನಲ್ಲೇ. ನಮ್ಮ ಪಕ್ಕದ ರೈತ ಪಿಕಪ್‌ನಲ್ಲಿ ಕೂತು, ಸ್ಟೀರಿಂಗ್ ಮೇಲೆ ಎಣ್ಣೆ ಜಿಡ್ಡಿನ ನೋಟ್‌ಬುಕ್ ಇಟ್ಟುಕೊಂಡು, ಯಾವ ಕಣಜದಲ್ಲಿ ಎಷ್ಟು ಬುಶೆಲ್ ಇತ್ತು ಅಂತ ಓದಿ ಹೇಳಿದ. ಅವನು ಉಳುವ ಹೊಲದಲ್ಲಿ ಜಾಸ್ತಿ ಪಾಲು ಗುತ್ತಿಗೆಯದ್ದು. ಅಯೋವಾದ ಹೊಲಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೇ. ಬೆಳೆಯ ನಷ್ಟ ಯಾರ ತಲೆ ಮೇಲೋ ಪರಿಹಾರ ಅವರಿಗೆ. ಗುತ್ತಿಗೆ ಹಣ ನಗದಾಗಿ ತಗೊಂಡು ಸುಮ್ನೆ ಕೂತ ಜಮೀನ್ದಾರನಿಗೆ ಒಂದು ಸೆಂಟೂ ಇಲ್ಲ.

ಊರಲ್ಲಿ ನಮ್ಮ ಚಿಕ್ಕಪ್ಪನದ್ದೂ ಗುತ್ತಿಗೆಯೇ, ಮೂರೆಕರೆ. ಬೀಜ, ಗೊಬ್ಬರ, ಕೂಲಿ, ಸಾಲ ಎಲ್ಲ ಅವರದ್ದು. 5,000 ಮಾತ್ರ ಬೆಂಗಳೂರಿನಲ್ಲಿರುವ ಹೊಲದವರ ಖಾತೆಗೆ ಬಿತ್ತು, ಪಹಣಿ ಅವರ ಹೆಸರಲ್ಲಿದೆಯಲ್ಲ. ‘ಕೇಳೋಕೆ ಹೋದ್ರೆ ಮುಂದಿನ ವರ್ಷ ಹೊಲಾನೇ ಕೊಡಲ್ಲಪ್ಪ’ ಎಂದರು ಚಿಕ್ಕಪ್ಪ.

ಪಹಣಿಯ 12ನೇ ಕಲಂ ಇರುವುದೇ ಸಾಗುವಳಿ ಮಾಡುವವರ ವಿವರಕ್ಕೆ. ಅಲ್ಲಿ ಗುತ್ತಿಗೆದಾರನ ಹೆಸರು ಬರೆಸಲು ಒಡೆಯರಿಗೆ ಭಯ. 1974ರಿಂದ ನಮ್ಮಲ್ಲಿ ಗೇಣಿ ಕೊಡುವುದಕ್ಕೇ ನಿಷೇಧ. ಮುಖ್ಯಮಂತ್ರಿ ದೇವರಾಜ ಅರಸು ಅವರ ಕಾಲದ ಆ ಕಾನೂನು ಲಕ್ಷಾಂತರ ಗೇಣಿದಾರರಿಗೆ ಭೂಮಿ ಕೊಟ್ಟಿತು, ನಿಜ. ಆದರೆ ಗೇಣಿ ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ಇಲ್ಲಿ ಅಯೋವಾದಲ್ಲಿ ಹಾಗಲ್ಲ. ಕರಾರು ಕಾನೂನುಬದ್ಧ, ಗುತ್ತಿಗೆದಾರ ಎಷ್ಟು ವರ್ಷ ಉತ್ತರೂ ಹೊಲ ಒಡೆಯನ ಕೈತಪ್ಪಲ್ಲ. ಅದಕ್ಕೇ ಬರೆದುಕೊಡಲು ಒಡೆಯನಿಗೆ ಹೆದರಿಕೆಯಿಲ್ಲ.

ಊರ ಕಡೆ ಬೆಳೆ ಸಮೀಕ್ಷೆಗೆ ಸರ್ಕಾರದ ಕಡೆಯವರು ಮೊಬೈಲ್ ಹಿಡಿದು ಹೊಲಕ್ಕೇ ಬರುತ್ತಾರೆ, ಬೆಳೆಯ ಫೋಟೋ ತೆಗೆಯುತ್ತಾರೆ. ಬಿತ್ತಿದವರ ಹೆಸರನ್ನೂ ಅಲ್ಲೇ ಬರೆದುಕೊಳ್ಳಲಿ. ಒಡೆತನಕ್ಕೂ ಇದಕ್ಕೂ ಸಂಬಂಧವಿಲ್ಲ, ಇದು ಪರಿಹಾರಕ್ಕೆ ಮಾತ್ರ ಅಂತ ಒಂದು ಸಾಲಿನ ಆದೇಶ ಜೊತೆಗಿರಲಿ. ಹೊಲದವರಿಗೂ ನಿದ್ದೆ ಬರುತ್ತದೆ, ಚಿಕ್ಕಪ್ಪನಿಗೂ 5,000 ಬರುತ್ತದೆ.